ಹಾಸಿಗೆ ಪಕ್ಕ ಕೂತು ಕೇಳಿಸಿಕೊಳ್ಳೋದಕ್ಕೆ ಸಂಬಳ ಎಷ್ಟು?

ಮೂರು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಹನ್ನೊಂದು ದಿನ ಇದ್ದರು. ಕೊನೆಗೆ ನಮ್ಮ ಕೈಗೆ ಬಂದ ಬಿಲ್ ಹದಿನಾಲ್ಕು ಪುಟ. ಗ್ಲೌಸಿಗೊಂದು ಸಾಲು, ಸಿರಿಂಜಿಗೊಂದು ಸಾಲು. ಅಷ್ಟೂ ದಿನ ಹೊರಗೆ ಕುರ್ಚಿ ಮೇಲೆ ಕೂತಿದ್ದ ದೊಡ್ಡಮ್ಮನನ್ನು "ಊಟ ಆಯ್ತಾ ಅಮ್ಮಾ?" ಅಂತ ಕೇಳಿದ್ದು, ಅವರು ಅತ್ತಾಗ ಎದ್ದು ಹೋಗದೆ ಪಕ್ಕದಲ್ಲೇ ಇದ್ದದ್ದು ರಾತ್ರಿ ಪಾಳಿಯ ಆಯಾ ಒಬ್ಬರೇ. ಆ ಕೆಲಸಕ್ಕೆ ಬಿಲ್ಲಿನಲ್ಲಿ ಸಾಲಿರಲಿಲ್ಲ. ಆಯಾ ಅವರ ಕೆಲಸದ ಪಟ್ಟಿಯಲ್ಲೂ ಅದು ಇದ್ದಿರಲಾರದು.

ಇದೇ ಕೆಲಸಕ್ಕೆ ಹುದ್ದೆ, ವೇತನಶ್ರೇಣಿ, ಬಡ್ತಿ, ಪಿಂಚಣಿ ಎಲ್ಲಾ ಇರುವ ದೇಶಗಳಿವೆ. ಅಲ್ಲಿ ಆ ಹುದ್ದೆಯ ಹೆಸರು ಚಾಪ್ಲೇನ್. ಚಾರ್ಲಿ ಚಾಪ್ಲಿನ್‌ಗೂ ಇದಕ್ಕೂ ಸಂಬಂಧ ಇಲ್ಲ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಮೊದಲು ಹುಟ್ಟಿದ ಪ್ರಶ್ನೆ: ಇಂಥ ಕೆಲಸವನ್ನ ಅಳೆಯೋದು ಹೇಗೆ?

ಯಾರು ಈ ಚಾಪ್ಲೇನ್?

ಮೂಲದಲ್ಲಿ ಆಸ್ಪತ್ರೆ, ಸೇನೆ, ಜೈಲಿನಂಥ ಕಡೆ ಕೆಲಸ ಮಾಡುವ ಪಾದ್ರಿ. ಈಗ ಅರ್ಥ ಹಿಗ್ಗಿದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಕ್ರೈಸ್ತರ ಜೊತೆ ಮುಸ್ಲಿಂ, ಹಿಂದೂ, ಸಿಖ್, ಯಹೂದಿ ಚಾಪ್ಲೇನ್‌ಗಳೂ ಇದ್ದಾರೆ, ಯಾವ ಧರ್ಮವನ್ನೂ ನಂಬದವರೂ ಇದ್ದಾರೆ. ಪೂಜೆ ಪ್ರಾರ್ಥನೆ ಇವರ ಕೆಲಸದ ಒಂದು ಭಾಗ ಅಷ್ಟೇ. ಸಾಯುತ್ತಿರುವವರ ಜೊತೆ ಕೂರೋದು, ಮಗು ಕಳಕೊಂಡ ತಂದೆತಾಯಿಗೆ ಬೀಳ್ಕೊಡುಗೆಯ ವ್ಯವಸ್ಥೆ ಮಾಡಿಕೊಡೋದು, ಸುಸ್ತಾದ ನರ್ಸ್‌ಗಳ ಮಾತು ಕೇಳೋದು, ಇವೆಲ್ಲವೂ ಅವರ ಪಾಲಿಗೆ ಬರುತ್ತವೆ. 2020ರ ಕೋವಿಡ್ ಕಾಲದಲ್ಲಿ ಮನೆಯವರಿಗೆ ವಾರ್ಡಿನೊಳಗೆ ಪ್ರವೇಶ ಇಲ್ಲದಾಗ, ರೋಗಿಯ ಮುಖದ ಮುಂದೆ ಫೋನ್ ಹಿಡಿದು ನಿಂತವರಲ್ಲಿ ಇವರೂ ಇದ್ದರು.

ಸಂಬಳ ಎಷ್ಟು?

ಎನ್‌ಎಚ್‌ಎಸ್‌ನಲ್ಲಿ ಡಾಕ್ಟರು, ದಂತವೈದ್ಯರು ಮತ್ತು ತೀರಾ ಮೇಲಿನ ಅಧಿಕಾರಿಗಳನ್ನ ಬಿಟ್ಟು ಉಳಿದವರಿಗೆಲ್ಲಾ 2004ರಿಂದ 'ಅಜೆಂಡಾ ಫಾರ್ ಚೇಂಜ್' ಎಂಬ ಒಂದೇ ವೇತನ ವ್ಯವಸ್ಥೆ. ಹುದ್ದೆಗಳನ್ನ ಬ್ಯಾಂಡ್‌ಗಳಾಗಿ ವಿಂಗಡಿಸಿದ್ದಾರೆ. ಚಾಪ್ಲೇನ್‌ಗಳೂ ಇದರೊಳಗೇ ಬರುತ್ತಾರೆ. ಇಂಗ್ಲೆಂಡಿನಲ್ಲಿ 2025-26ರ ವಾರ್ಷಿಕ ವೇತನ ಹೀಗಿತ್ತು:

- ಬ್ಯಾಂಡ್ 5, ಹೊಸಬರು: 31,049ರಿಂದ 37,796 ಪೌಂಡ್
- ಬ್ಯಾಂಡ್ 6, ಸ್ವತಂತ್ರವಾಗಿ ಕೆಲಸ ಮಾಡುವ ಚಾಪ್ಲೇನ್: 38,682ರಿಂದ 46,580
- ಬ್ಯಾಂಡ್ 7, ಹಿರಿಯರು ಅಥವಾ ತಂಡ ನಡೆಸುವವರು: 47,810ರಿಂದ 54,710
- ಬ್ಯಾಂಡ್ 8ಎ, ದೊಡ್ಡ ವಿಭಾಗಗಳ ಮುಖ್ಯಸ್ಥರು: 55,690ರಿಂದ 62,682

ಇದನ್ನ ರೂಪಾಯಿಗೆ ಬದಲಿಸಿ ಬೆರಗಾಗಬೇಡಿ, ಅಲ್ಲಿನ ಮನೆ ಬಾಡಿಗೆ ಬೇರೆ. ಸರಿಯಾದ ಹೋಲಿಕೆ ಅಲ್ಲಿನ ನರ್ಸ್ ಜೊತೆ. ಹೊಸದಾಗಿ ನೋಂದಣಿಯಾದ ನರ್ಸ್ ಕೂಡ ಶುರು ಮಾಡೋದು ಬ್ಯಾಂಡ್ 5ರಲ್ಲೇ. ಅಂದ್ರೆ ಅಲ್ಲಿನ ಸರ್ಕಾರ ಈ ಕೆಲಸವನ್ನ ಪುಣ್ಯದ ಲೆಕ್ಕಕ್ಕೆ ಬಿಟ್ಟಿಲ್ಲ, ಕೌಶಲದ ಲೆಕ್ಕಕ್ಕೆ ತಂದಿದೆ.

ಯಾವ ಹುದ್ದೆ ಯಾವ ಬ್ಯಾಂಡಿಗೆ ಅಂತ ತೀರ್ಮಾನಿಸೋದಕ್ಕೆ 16 ಅಂಶಗಳಿಗೆ ಅಂಕ ಕೊಡುತ್ತಾರೆ. ಜ್ಞಾನ, ಸಂವಹನ, ಜವಾಬ್ದಾರಿ, ದೈಹಿಕ ಶ್ರಮದ ಜೊತೆಗೆ ಆ ಪಟ್ಟಿಯಲ್ಲಿ 'ಭಾವನಾತ್ಮಕ ಶ್ರಮ' ಅಂತಲೇ ಒಂದು ಅಂಶ ಇದೆ. ಸಾವಿನ ಸುದ್ದಿ ಹೇಳೋದು, ದುಃಖದಲ್ಲಿರುವವರನ್ನ ಪದೇ ಪದೇ ಎದುರಿಸೋದು, ಇದಕ್ಕೂ ಅಂಕ. ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಅನ್ನೋ ತತ್ವದ ಮೇಲೆ ಕಟ್ಟಿದ ವ್ಯವಸ್ಥೆ ಇದು. ಹೆಂಗಸರೇ ಹೆಚ್ಚಾಗಿ ಮಾಡುವ ಆರೈಕೆ ಕೆಲಸಗಳನ್ನ 'ಸ್ವಭಾವ' ಅಂತ ತಳ್ಳಿಹಾಕುವ ಹಳೇ ಚಾಳಿಗೆ ಇದೊಂದು ಉತ್ತರ. ನನ್ನ ಮೊದಲ ಪ್ರಶ್ನೆಗೂ.

ಅರ್ಹತೆ ಕೊಡೋದು ಯಾರು?

ಇಲ್ಲಿ ಗೊಂದಲ ಇದೆ. ಬ್ರಿಟನ್ನಿನ ಆರೋಗ್ಯ ಚಾಪ್ಲೇನ್‌ಗಳ ಮಂಡಳಿಯೊಂದು ನೋಂದಣಿ ಪುಸ್ತಕ ಇಟ್ಟಿದೆ. 2017ರಲ್ಲಿ ಅದಕ್ಕೆ ಅಧಿಕೃತ ಮಾನ್ಯತೆಯೂ ಸಿಕ್ಕಿತು. ಆದರೆ ನೋಂದಣಿ ಕಡ್ಡಾಯ ಅಲ್ಲ. ಇನ್ನೊಂದು ಕಡೆ, ಆಯಾ ಧರ್ಮಸಂಸ್ಥೆಯ ಒಪ್ಪಿಗೆಯನ್ನೂ ಹುದ್ದೆಗೆ ಷರತ್ತಾಗಿ ಇಡೋದುಂಟು.

ಇದರ ಬಿಸಿ ತಟ್ಟಿದ್ದು ಜೆರೆಮಿ ಪೆಂಬರ್ಟನ್ ಎಂಬ ಆಂಗ್ಲಿಕನ್ ಪಾದ್ರಿಗೆ. ಇಂಗ್ಲೆಂಡಿನಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾದ 2014ರಲ್ಲೇ ಅವರು ತಮ್ಮ ಸಂಗಾತಿಯನ್ನ ಮದುವೆಯಾದರು. ಆಗ ಅವರು ಲಿಂಕನ್‌ಶೈರ್‌ನಲ್ಲಿ ಎನ್‌ಎಚ್‌ಎಸ್ ಚಾಪ್ಲೇನ್. ನಾಟಿಂಗ್‌ಹ್ಯಾಮ್‌ಶೈರ್‌ನ ಇನ್ನೊಂದು ಎನ್‌ಎಚ್‌ಎಸ್ ಟ್ರಸ್ಟ್ ಅವರನ್ನ ಬೇರೆ ಹುದ್ದೆಗೆ ಆರಿಸಿತು. ಆದರೆ ಆ ಪ್ರಾಂತ್ಯದ ಬಿಷಪ್ ಪರವಾನಗಿ ಕೊಡಲಿಲ್ಲ, ಕೆಲಸ ಕೈತಪ್ಪಿತು. 2015ರಲ್ಲಿ ಉದ್ಯೋಗ ನ್ಯಾಯಮಂಡಳಿ, 2016ರಲ್ಲಿ ಮೇಲ್ಮನವಿ ಮಂಡಳಿ, 2018ರಲ್ಲಿ ಮೇಲ್ಮನವಿ ನ್ಯಾಯಾಲಯ, ಮೂರು ಕಡೆಯೂ ಅವರಿಗೆ ಸೋಲೇ. ಸಮಾನತೆಯ ಕಾನೂನು ಧರ್ಮಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿರೋದೇ ಕಾರಣ.

ಸಂಬಳ ಸಾರ್ವಜನಿಕರ ತೆರಿಗೆಯದ್ದು, ಬೀಗದ ಕೈ ಮಾತ್ರ ಬಿಷಪ್ಪರದ್ದು. ಇದನ್ನ ಒಪ್ಪೋದಕ್ಕೆ ನನ್ನಿಂದ ಆಗಲ್ಲ.

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 37.2% ಜನ 'ಧರ್ಮ ಇಲ್ಲ' ಅಂತ ಬರೆಸಿದ್ದಾರೆ. ಸಾಯುವಾಗ ಅವರಿಗೂ ಒಬ್ಬರು ಬೇಕಲ್ವಾ? 2018ರಲ್ಲಿ ಬಕಿಂಗ್‌ಹ್ಯಾಮ್‌ಶೈರ್‌ನ ಎನ್‌ಎಚ್‌ಎಸ್ ಟ್ರಸ್ಟ್ ಒಬ್ಬ ಮಾನವತಾವಾದಿಯನ್ನೇ ಚಾಪ್ಲೇನ್ ತಂಡದ ಮುಖ್ಯಸ್ಥೆಯನ್ನಾಗಿ ನೇಮಿಸಿತು. ಎನ್‌ಎಚ್‌ಎಸ್‌ನಲ್ಲಿ ಅದೇ ಮೊದಲು.

ಅಮೆರಿಕದ ಕಥೆ ಬೇರೆ

ಅಲ್ಲಿ ತರಬೇತಿ ಬಲು ಕಠಿಣ. ವೃತ್ತಿ ಪ್ರಮಾಣಪತ್ರಕ್ಕೆ ಸ್ನಾತಕೋತ್ತರ ಮಟ್ಟದ ಪದವಿ ಬೇಕು, ಜೊತೆಗೆ ಆಸ್ಪತ್ರೆಯಲ್ಲಿ ನಾಲ್ಕು ಘಟಕಗಳ ಪ್ರಾಯೋಗಿಕ ತರಬೇತಿ. ಒಂದು ಘಟಕ ಅಂದ್ರೆ ಕನಿಷ್ಠ 400 ಗಂಟೆ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ನ ನಿಯಮದ ಪ್ರಕಾರ ಹಾಸ್ಪೀಸ್ ತಂಡದಲ್ಲಿ ವೈದ್ಯರು, ನರ್ಸ್ ಮೊದಲಾದವರ ಜೊತೆ ಆಧ್ಯಾತ್ಮಿಕ ಅಥವಾ ಇತರ ಸಮಾಲೋಚಕರೂ ಇರಲೇಬೇಕು. ಆದರೆ ಸಾಮಾನ್ಯ ಆಸ್ಪತ್ರೆಗಳಲ್ಲಿ ಚಾಪ್ಲೇನ್ ಕೆಲಸಕ್ಕೆ ಪ್ರತ್ಯೇಕ ಬಿಲ್ ಹಾಕೋಕೆ ಬರಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ಅವರು ಬರೀ ಖರ್ಚು. ಬಜೆಟ್ ಕಡಿತದ ಹೊತ್ತಿಗೆ ಕತ್ತರಿ ಎಲ್ಲಿಗೆ ಹೋಗುತ್ತೆ ಅಂತ ಹೇಳಬೇಕಿಲ್ಲ.

ನಮ್ಮಲ್ಲಿ?

ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಕ್ರೈಸ್ತ ಸಂಸ್ಥೆಗಳ ಆಸ್ಪತ್ರೆಗಳಲ್ಲಿ ಇದಕ್ಕಾಗಿ ವಿಭಾಗಗಳೇ ಇವೆ. ಸರ್ಕಾರಿ ಕಡೆ ನೋಡಿದರೆ, 2012ರಲ್ಲಿ ಕೇಂದ್ರ ಸರ್ಕಾರ ಉಪಶಮನ ಆರೈಕೆಗೆ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. ಉಪಶಮನ ಆರೈಕೆ ಅಂದ್ರೆ ದೇಹದ ನೋವಿನ ಜೊತೆ ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಸಂಕಟಕ್ಕೂ ಆರೈಕೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯಾನವೇ ಹೇಳುತ್ತೆ. ಆದರೆ ನಮ್ಮ ಕಾರ್ಯಕ್ರಮದ ಜಿಲ್ಲಾ ತಂಡವನ್ನ ಕಟ್ಟಿರೋದು ಮುಖ್ಯವಾಗಿ ವೈದ್ಯರು ಮತ್ತು ನರ್ಸ್‌ಗಳ ಸುತ್ತ. ಕೂತು ಮಾತು ಕೇಳುವ ಕೆಲಸ ಹೆಚ್ಚಾಗಿ ಸ್ವಯಂಸೇವಕರ ಹೆಗಲಿಗೆ.

ಸರ್ಕಾರಿ ಆಸ್ಪತ್ರೆಗೊಬ್ಬ ಪೂಜಾರಿ, ಮೌಲ್ವಿ, ಪಾದ್ರಿ ಬೇಕು ಅಂತ ನಾನು ಕೇಳ್ತಿಲ್ಲ. ನಮ್ಮ ರಾಜಕೀಯದಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನಿಮಗೂ ಗೊತ್ತು. ಬ್ರಿಟನ್ನಿನಿಂದ ತಗೊಳ್ಳಬೇಕಾದ್ದು ಆ 16 ಅಂಶಗಳ ಪಟ್ಟಿಯನ್ನ. ಬಿಷಪ್ಪರ ಪರವಾನಗಿ ಅಲ್ಲೇ ಇರಲಿ. ತರಬೇತಿ ಪಡೆದ, ಯಾವ ಧರ್ಮಸಂಸ್ಥೆಯ ಅಪ್ಪಣೆಯೂ ಬೇಡದ ಆರೈಕೆ ಸಮಾಲೋಚಕರ ಹುದ್ದೆ ಜಿಲ್ಲಾಸ್ಪತ್ರೆಗಳಲ್ಲಿ ಸೃಷ್ಟಿಯಾಗಲಿ. ಗುತ್ತಿಗೆ, ಗೌರವಧನ ಅನ್ನೋ ಹೆಸರಲ್ಲಿ ಅಲ್ಲ, ವೇತನಶ್ರೇಣಿಯ ಒಳಗೆ.

ಮತ್ತೆ, ಆ ರಾತ್ರಿ ಪಾಳಿಯ ಆಯಾ ಅವರ ಕೆಲಸಕ್ಕೂ ಅಂಕ ಹಾಕುವಾಗ 'ಭಾವನಾತ್ಮಕ ಶ್ರಮ' ಅನ್ನೋ ಕಾಲಂ ಖಾಲಿ ಬಿಡಬಾರದು.