ವೇವರ್ಲಿ ಇನ್: ವೈಟ್‌ಫೀಲ್ಡಿನ ತಂಗುಮನೆ

ಕೃಷ್ಣರಾಜಪುರದ ವಿದ್ಯಾರ್ಥಿಗಳಿಗೆ ವೈಟ್‌ಫೀಲ್ಡ್ ನೆರೆಯ ಊರು. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ಆರಂಭವಾದ ರೈಲು ಹಾದಿ ಇವೆರಡನ್ನೂ ಮುಟ್ಟಿಕೊಂಡೇ ಸಾಗುತ್ತದೆ; 2023ರ ಮಾರ್ಚ್‌ನಲ್ಲಿ ಮೆಟ್ರೋ ಸಹ ಬಂದಿತು. ಇಂದು ಅಲ್ಲಿ ಇಳಿದವರಿಗೆ ಕಾಣುವುದು ಗಾಜಿನ ಕಟ್ಟಡಗಳು. ಈ ಊರನ್ನು ಇಂಗ್ಲೆಂಡಿನ ಹಳ್ಳಿಯೊಂದರ ಮಾದರಿಯಲ್ಲಿ ಕಟ್ಟಲು ಹೊರಟಿದ್ದರೆಂದರೆ ನಂಬುವುದು ಕಷ್ಟ. ನಡುವೆ ಹುಲ್ಲಿನ ಬಯಲು, ಸುತ್ತ ಮನೆಗಳು, ಚರ್ಚು, ಜೊತೆಗೆ ವೇವರ್ಲಿ ಇನ್ ಎಂಬ ಒಂದು ತಂಗುಮನೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಂತಹ ಮನೆಗೆ ದೀರ್ಘ ಇತಿಹಾಸವಿದೆ. ಮನೆಯ ಹೆಂಗಸರು ಕುದಿಸಿ ತಯಾರಿಸಿದ ಏಲ್ ಎಂಬ ಪಾನೀಯವನ್ನು ಅಲ್ಲೇ ಮಾರುತ್ತಿದ್ದರು. ಓದು ಬಾರದವರಿಗೂ ತಿಳಿಯಲೆಂದು ಬಾಗಿಲ ಮುಂದೆ ಕೋಲಿಗೆ ಸೊಪ್ಪು ಕಟ್ಟಿ ನಿಲ್ಲಿಸುತ್ತಿದ್ದರು. ಚಿತ್ರ ಬರೆದ ಹಲಗೆಗಳು ಬಳಿಕ ಬಂದವು. 1552ರ ಕಾಯಿದೆಯ ಪ್ರಕಾರ ಏಲ್ ಮಾರಲು ಸ್ಥಳೀಯ ನ್ಯಾಯಾಧಿಕಾರಿಗಳ ಪರವಾನಗಿ ಬೇಕಾಯಿತು. ಪ್ರಯಾಣಿಕರಿಗೆ ಊಟ, ಹಾಸಿಗೆ, ಕುದುರೆಗೆ ಲಾಯ ಒದಗಿಸುವ ದೊಡ್ಡ ಮನೆ ‘ಇನ್’ ಎನಿಸಿತು. ನಮ್ಮ ಛತ್ರವನ್ನು ನೆನೆಸಿಕೊಳ್ಳಿ. ಆದರೆ ಛತ್ರ ಧರ್ಮಕ್ಕೆ, ಇನ್ ದುಡ್ಡಿಗೆ. ‘ಪಬ್ಲಿಕ್ ಹೌಸ್’ ಎಂಬ ಮಾತು ಮೊಟಕಾಗಿ ಪಬ್ ಆದದ್ದು ಆಮೇಲೆ.

ಹಳೆಯ ಪಬ್ಬುಗಳಲ್ಲಿ ಹಲವು ಓಕ್ ಮರದ ಚೌಕಟ್ಟಿನ ಕಟ್ಟಡಗಳು. ತೊಲೆಗಳ ನಡುವೆ ಕಡ್ಡಿಗಳ ತಟ್ಟಿ ಹೆಣೆದು ಅದಕ್ಕೆ ಮಣ್ಣು ಮೆತ್ತುತ್ತಿದ್ದರು. ನಮ್ಮ ತಟ್ಟಿಗೋಡೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಸೂರು ತಗ್ಗು, ಕಿಟಕಿ ಚಿಕ್ಕದು, ಒಳಗೆ ದೊಡ್ಡ ಬೆಂಕಿಗೂಡು. ಚಳಿಯ ದೇಶದಲ್ಲಿ ಊರ ಜನ ಸೇರುತ್ತಿದ್ದುದು ಆ ಬೆಂಕಿಯ ಸುತ್ತ.

ಇಂತಹ ಹಳ್ಳಿಯ ಕನಸು ಬೆಂಗಳೂರಿನ ಹೊರವಲಯಕ್ಕೆ ಏಕೆ ಬಂತು? ಉತ್ತರ ಯುರೇಷಿಯನ್ನರೆಂದು ಆಗ ಕರೆಯಲಾಗುತ್ತಿದ್ದ, ಮುಂದೆ 1911ರ ಜನಗಣತಿಯ ಹೊತ್ತಿಗೆ ಆಂಗ್ಲೋ-ಇಂಡಿಯನ್ ಎಂಬ ಹೆಸರು ಪಡೆದ ಸಮುದಾಯದಲ್ಲಿದೆ. ತಂದೆಯ ಕಡೆಯಿಂದ ಯುರೋಪು, ತಾಯಿಯ ಕಡೆಯಿಂದ ಭಾರತ. ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದವರಿಗೆ ಕಂಪನಿಯ ಉನ್ನತ ಹುದ್ದೆಗಳ ಬಾಗಿಲು 1791ರಲ್ಲೇ ಮುಚ್ಚಿತ್ತು. ರೈಲ್ವೆ, ತಂತಿ, ಸುಂಕದ ಇಲಾಖೆಗಳ ಕೆಳಹಂತದ ನೌಕರಿಗಳೇ ಅವರಿಗೆ ಆಸರೆ. ನೌಕರಿಯನ್ನೇ ನಂಬಿದರೆ ಸಮುದಾಯಕ್ಕೆ ಉಳಿಗಾಲವಿಲ್ಲ, ಸ್ವಂತ ನೆಲ ಬೇಕು ಎಂದು ವಾದಿಸಿದವರು ಮದರಾಸಿನ ಡಿ. ಎಸ್. ವೈಟ್. 1882ರಲ್ಲಿ, ಅಂದರೆ ಮೈಸೂರು ರಾಜ್ಯವು ಒಡೆಯರಿಗೆ ಮರಳಿ ಬಂದ ಮರುವರ್ಷ, ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ನೀಡಿದರು. ಊರಿಗೆ ವೈಟ್ ಅವರ ಹೆಸರೇ ನಿಂತಿತು.

ಹೊಲಗಳು ನಿರೀಕ್ಷಿಸಿದಂತೆ ಕೈಹಿಡಿಯಲಿಲ್ಲ. ಬೇಸಾಯದ ಊರಾಗಬೇಕಿದ್ದ ವೈಟ್‌ಫೀಲ್ಡ್ ನಿವೃತ್ತರ ಊರಾಯಿತು. ಆದರೆ ನಕ್ಷೆ ಮಾತ್ರ ಉಳಿಯಿತು: ಇಂದಿಗೂ ಇನ್ನರ್ ಸರ್ಕಲ್ ಎನಿಸಿಕೊಂಡಿರುವ ವರ್ತುಲ ರಸ್ತೆ.

ಇಲ್ಲೊಂದು ಸ್ವಾರಸ್ಯವಿದೆ. ನಕ್ಷೆ ಇಂಗ್ಲೆಂಡಿನದಾದರೂ ಕಟ್ಟಡಗಳು ಈ ನೆಲದ ಬಿಸಿಲಿಗೆ ತಲೆಬಾಗಿದವು. ಈ ಊರಿನಲ್ಲೂ ದಂಡು ಪ್ರದೇಶದಲ್ಲೂ ಉಳಿದಿರುವ ಹಳೆಯ ಬಂಗಲೆಗಳನ್ನು ನೋಡಿ: ದಪ್ಪ ಗೋಡೆ, ಎತ್ತರದ ಸೂರು, ಇಳಿಜಾರು ಮಾಡಿಗೆ ಮಂಗಳೂರು ಹೆಂಚು, ಮುಂದೆ ಅಗಲವಾದ ಜಗಲಿ. ಮಾಡಿನ ಅಂಚಿನಲ್ಲೂ ಕಿಟಕಿಗಳ ಮೇಲೂ ಮರದ ಪಟ್ಟಿಗಳ ಚೂಪು ಮೇಲ್ಕಟ್ಟು. ಬೆಂಗಳೂರಿನವರು ಅದನ್ನು ‘ಮಂಕಿ ಟಾಪ್’ ಎನ್ನುತ್ತಾರೆ. ಅಲ್ಲಿ ಜನ ಕೂರುತ್ತಿದ್ದುದು ಬೆಂಕಿಗೂಡಿನ ಬಳಿ, ಇಲ್ಲಿ ಜಗಲಿಯಲ್ಲಿ. ಆದರೂ ದಂಡಿನ ಕೆಲವು ಬಂಗಲೆಗಳಲ್ಲಿ ಬೆಂಕಿಗೂಡನ್ನು ಕಟ್ಟಿಸದೆ ಬಿಡಲಿಲ್ಲ! ಡಿಸೆಂಬರಿನ ನಾಲ್ಕು ರಾತ್ರಿಗಳಿಗೆ ಅದು ಉಪಯೋಗಕ್ಕೆ ಬಂದಿರಬಹುದು.

ವೇವರ್ಲಿ ಇನ್ ಅನ್ನು ನಡೆಸುತ್ತಿದ್ದವರು ಹ್ಯಾಮಿಲ್ಟನ್ ಎಂಬುವರು. ಆದರೆ ಅದರ ಹೆಸರೆತ್ತಿದೊಡನೆ ಎಲ್ಲರೂ ಹೇಳುವುದು ವಿನ್ಸ್‌ಟನ್ ಚರ್ಚಿಲ್‌ರ ಕಥೆಯನ್ನು. ತರುಣ ಸೈನಿಕ ಚರ್ಚಿಲ್ ಒಡೆಯನ ಮಗಳಿಗೆ ಮನಸೋತು ಮತ್ತೆ ಮತ್ತೆ ಇಲ್ಲಿಗೆ ಬರುತ್ತಿದ್ದರಂತೆ. ವಿದ್ಯಾರ್ಥಿಗಳು ಈ ‘ಅಂತೆ’ಯನ್ನು ಗಮನಿಸಬೇಕು. ಚರ್ಚಿಲ್ 1896ರಲ್ಲಿ ನಾಲ್ಕನೆಯ ಹುಸಾರ್ ದಳದೊಂದಿಗೆ ಬೆಂಗಳೂರಿಗೆ ಬಂದದ್ದು ದಿಟ. 1930ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಇಲ್ಲಿನ ಬಂಗಲೆ, ಗುಲಾಬಿ ತೋಟ, ಪೋಲೋ ಆಟ, ಓದಿದ ಪುಸ್ತಕಗಳ ವಿವರಗಳಿವೆ. ಆ ವರ್ಷಗಳಲ್ಲಿ ಅವರು ಒಲಿದಿದ್ದು ಸಿಕಂದರಾಬಾದಿನಲ್ಲಿ ಕಂಡ ಪಮೇಲಾ ಪ್ಲೌಡನ್ ಎಂಬಾಕೆಗೆ ಎಂಬುದಕ್ಕೆ ಪತ್ರಗಳ ಆಧಾರವಿದೆ. 1899ರಲ್ಲಿ ಬೆಂಗಳೂರಿನ ಕ್ಲಬ್ಬಿನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ವಸೂಲಾಗದ 13 ರೂಪಾಯಿ ಬಾಕಿ ಬರೆದಿದೆ. ಇವು ದಾಖಲೆಗಳು. ವೈಟ್‌ಫೀಲ್ಡಿನ ಪ್ರೇಮಕಥೆ ಊರವರ ನಾಲಗೆಯ ಮೇಲಿನದು.

ಕಥೆ ಸುಳ್ಳೇ ಇರಲಿ ನಿಜವೇ ಇರಲಿ, ಅದರ ಗದ್ದಲದಲ್ಲಿ ಊರು ಕಟ್ಟಿದವರು ಮರೆಯಾದರೆಂಬುದೇ ನನ್ನ ತಕರಾರು. 1947ರ ನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ, ಕೆನಡಾಕ್ಕೆ ಹೊರಟವು. ಇತ್ತ ಮಾಹಿತಿ ತಂತ್ರಜ್ಞಾನದ ಉದ್ಯಮ ಬಂದ ಮೇಲೆ ನೆಲದ ಬೆಲೆ ಏರಿ ಬಂಗಲೆಗಳು ಒಂದೊಂದಾಗಿ ಉರುಳಿದವು.

ರಜೆಯ ಒಂದು ದಿನ ಇನ್ನರ್ ಸರ್ಕಲನ್ನು ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕಿ. ಕೆಡವಿದ ಮನೆಯ ಅಂಗಳದಲ್ಲಿ ಹಳೆಯ ಹೆಂಚಿನ ರಾಶಿ ಕಂಡರೆ, ಕೇಳಿಕೊಂಡು ಒಂದನ್ನು ತಿರುವಿ ನೋಡಿ. ಬಹುಮಟ್ಟಿಗೆ ಅದನ್ನು ಸುಟ್ಟ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ.