ಕವಚ ತೊಟ್ಟವಳು

ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಆಟ ತಂದಿತು. ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನು ನಡೆಸಿ ಆಡುವ ಭವಿಷ್ಯದ ಯುದ್ಧವಿದು. ಇದರ ಪ್ರಮುಖ ಯೋಧರಾದ ಸ್ಪೇಸ್ ಮರೀನ್‌ಗಳೆಲ್ಲ ಗಂಡಸರು. 1997ರಲ್ಲಿ ‘ಸಿಸ್ಟರ್ಸ್ ಆಫ್ ಬ್ಯಾಟಲ್’ ಎಂಬ ಸನ್ಯಾಸಿನಿಯರ ಪಡೆಗೆ ಪ್ರತ್ಯೇಕ ಪುಸ್ತಕವೇ ಬಂತು. ಅವರ ಯುದ್ಧಕವಚಕ್ಕೂ ಎದೆಯ ಉಬ್ಬು, ಬಿಗಿದ ಸೊಂಟ.

ಅಭಿಮಾನಿಗಳ ಚಿತ್ರಗಳು ಇಲ್ಲಿಂದ ಎರಡು ದಾರಿ ಹಿಡಿದವು. ಕೆಲವು ಆ ಉಬ್ಬನ್ನೇ ಹಿಗ್ಗಿಸಿ ಕವಚವನ್ನು ಕಿರಿದಾಗಿಸಿದವು. ಇನ್ನು ಕೆಲವು ಮುಖಕ್ಕೆ ಗಾಯದ ಗುರುತು, ಕಣ್ಣಿಗೆ ದಣಿವು ಕೊಟ್ಟು ಕವಚವನ್ನು ದಪ್ಪಗೊಳಿಸಿದವು. ಆಟದ ಕಥೆ ಒಪ್ಪದ ಹೆಣ್ಣು ಸ್ಪೇಸ್ ಮರೀನ್‌ಳನ್ನೂ ಬರೆದವು.

2024ರಲ್ಲಿ, ಕಥೆಯ ಚಕ್ರವರ್ತಿಯ ಅಂಗರಕ್ಷಕರಲ್ಲಿ ಹೆಂಗಸರೂ ಇದ್ದಾರೆಂದು ಕಂಪನಿ ಹೇಳಿದಾಗ ಜಗಳವೇ ಎದ್ದಿತು. ಕಥೆಯನ್ನು ಬದಲಿಸಬಾರದೆಂಬುದು ಮೇಲಿನ ಮಾತು. ಒಳಗಿನ ಪ್ರಶ್ನೆ ಬೇರೆ: ಕವಚ ತೊಟ್ಟವಳು ಹೋರಾಡಲು ಬಂದವಳೋ, ನೋಡುವವರ ಕಣ್ಣಿಗಾಗಿ ಬಂದವಳೋ? ದಣಿದ ಕಣ್ಣಿನ ಆ ಚಿತ್ರಗಳು ಉತ್ತರವನ್ನು ಮೊದಲೇ ಬರೆದಿದ್ದವು.