ಮೂಡುಬಿದಿರೆ: ಮೊದಲ ನೋಟ, ಮರುನೋಟ

ಶ್ರವಣಬೆಳಗೊಳದ ಬಸದಿಗಳನ್ನು ಸಂದರ್ಶಿಸಿ, ಘಟ್ಟವಿಳಿದು ಬಂದ ಯಾತ್ರಿಕನು ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂದೆ ಮೊದಲ ಬಾರಿ ನಿಂತಾಗ ತುಸು ತಬ್ಬಿಬ್ಬಾಗುವುದುಂಟು. ಚಾವುಂಡರಾಯ ಬಸದಿಯಲ್ಲಿ ಕಂಡಂತಹ ವಿಮಾನ ಇಲ್ಲಿಲ್ಲ. ಅದರ ಬದಲು ಒಂದರ ಮೇಲೊಂದಾಗಿ ಇಳಿಜಾರು ಮಾಡುಗಳು. ಎದುರಿನಲ್ಲಿ ಮಾನಸ್ತಂಭವೊಂದು ಇರದಿದ್ದರೆ ಇದನ್ನು ತುಳುನಾಡಿನ ದೊಡ್ಡದೊಂದು ಗುತ್ತಿನ ಮನೆಯೆಂದೇ ಆತನು ಭಾವಿಸುತ್ತಿದ್ದನೇನೋ.

ಈ ಬೆರಗು ವಿದ್ವಾಂಸರನ್ನೂ ಬಿಟ್ಟಿಲ್ಲ. 1876ರಲ್ಲಿ ಪ್ರಕಟವಾದ ತಮ್ಮ ವಾಸ್ತುಚರಿತ್ರೆಯಲ್ಲಿ ಜೇಮ್ಸ್ ಫರ್ಗುಸನ್ ಅವರು ಈ ಬಸದಿಗಳ ಮಾಡುಗಳಿಗೆ ಹೋಲಿಕೆಯನ್ನು ದೂರದ ನೇಪಾಳದಲ್ಲಿ ಗುರುತಿಸಿದರು. ಹೋಲಿಕೆ ಕಣ್ಣಿಗೆ ಕಾಣುವಂತಹುದೇ. ಆದರೆ ಕಾರಣವನ್ನರಸಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ನೀರು ನಿಲ್ಲದೆ ಹರಿದುಹೋಗಲು ಇಳಿಜಾರು ಮಾಡು ಬೇಕು; ಗೋಡೆ ನೆನೆಯದಿರಲು ಮುಂಚಾಚಿದ ಸೂರು ಬೇಕು. ಊರಿನ ಮನೆಗಳನ್ನು ಕಟ್ಟಿದ ಅನುಭವವೇ ಜಿನಾಲಯಕ್ಕೂ ಒದಗಿತು.

ತ್ರಿಭುವನ ತಿಲಕ ಚೂಡಾಮಣಿ ಎಂದು ಹೆಸರಾದ ಈ ಚಂದ್ರನಾಥ ಬಸದಿಯ ನಿರ್ಮಾಣವು ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, 1430ರ ಸುಮಾರಿಗೆ ನಡೆಯಿತು. ಕೆಳಗಿನ ಭಾಗ ಶಿಲೆಯದು, ಮೇಲಂತಸ್ತು ಮರದ್ದು. ಹೊರಗೆ ಇಷ್ಟು ಸರಳವಾದ ಕಟ್ಟಡದ ಒಳಹೊಕ್ಕರೆ ಕಂಬಕಂಬವೂ ಬೇರೆ ಬೇರೆ ಕೆತ್ತನೆಯಿಂದ ಶೋಭಿಸುತ್ತದೆ. 1451ರಲ್ಲಿ ಸೇರಿದ ಭೈರಾದೇವಿ ಮಂಟಪದ ಜಗಲಿಯ ಕೆತ್ತನೆಗಳಲ್ಲಿ ಜಿರಾಫೆಯನ್ನೂ ಚೀನಾದ ಡ್ರ್ಯಾಗನ್ನನ್ನೂ ಗುರುತಿಸಲಾಗಿದೆ. ಕಡಲಿಗೆ ಸಮೀಪದ ಈ ವರ್ತಕರ ಪಟ್ಟಣದ ಕಣ್ಣು ದೂರದೇಶಗಳತ್ತಲೂ ತೆರೆದಿತ್ತು ಎಂಬುದಕ್ಕೆ ಇವು ಸಾಕ್ಷಿ. ಆದರೂ ನೆಲದ ಗುಣವನ್ನು ಮರೆತು ಅವರು ಬಸದಿ ಕಟ್ಟಲಿಲ್ಲ.

ಮೊದಲ ನೋಟ ಸುಳ್ಳಲ್ಲ. ಅದು ಸತ್ಯದ ಒಂದು ಪಾರ್ಶ್ವ ಮಾತ್ರ. ಅದನ್ನೇ ಪೂರ್ಣಸತ್ಯವೆಂದು ಹಿಡಿದಾಗ ತೊಡಕು ಹುಟ್ಟುತ್ತದೆ. ಅನೇಕಾಂತವನ್ನು ನಂಬಿದ ಸಮಾಜಕ್ಕೆ ಈ ಎಚ್ಚರ ಹೊಸದೇನಲ್ಲ. ಜೀರ್ಣೋದ್ಧಾರದ ಹೊಣೆ ಹೊತ್ತವರಿಗಂತೂ ಇದು ಅತ್ಯಗತ್ಯ. ಶಿಖರವಿಲ್ಲದ ಬಸದಿ ಅಪೂರ್ಣವೆಂದು ಬಗೆದು ಮರದ ಮಾಡನ್ನು ಕಳಚಿ ಕಾಂಕ್ರೀಟು ಹಾಕಿದರೆ, ತಲೆಮಾರುಗಳು ಮಳೆಯಿಂದ ಕಲಿತ ಪಾಠವೊಂದು ಅಳಿಸಿಹೋಗುತ್ತದೆ. ಮರ ಹಳತಾಗುವುದು ಸಹಜ. ಆಗಾಗ ತೊಲೆ ಬದಲಿಸಬೇಕು, ಮಾಡು ಸರಿಪಡಿಸಬೇಕು. ಪ್ರತಿ ತಲೆಮಾರಿನ ಶ್ರಾವಕರಿಗೂ ಕೈಗೂಡಿಸುವ ಅವಕಾಶವನ್ನು ಹಿರಿಯರು ಹೀಗೆ ಉಳಿಸಿಟ್ಟಿದ್ದಾರೆ.

ಹೊಸ ಯಾತ್ರಿಕನು ಒಂದು ಮಳೆಗಾಲದ ಮಧ್ಯಾಹ್ನ ಆ ಸೂರಿನಡಿ ನಿಂತರೆ ಸಾಕು. ಸುತ್ತಲೂ ನೀರು ಧಾರೆಗಟ್ಟಿ ಸುರಿಯುತ್ತಿರುವಾಗ, ಒಳಗೆ ಚಂದ್ರನಾಥ ಸ್ವಾಮಿಯ ಸನ್ನಿಧಿಯಲ್ಲಿ ದೀಪ ಅಲುಗದೆ ಉರಿಯುತ್ತಿರುತ್ತದೆ. ಶಿಖರವೇಕಿಲ್ಲ ಎಂಬ ಪ್ರಶ್ನೆ ಆಗ ತಾನಾಗಿಯೇ ಶಾಂತವಾಗುತ್ತದೆ.